ಹನ್ನೊಂದರ ಮೇಲೆ ಕಾಲು ದರ

ಶಹಾಪುರದ ಶಾಖೆಗೆ ನಾನು ಹೋದದ್ದು
ಎರಡನೇ ದಾರಿ ಹಾಕಲಿಕ್ಕೆ.
ಮೊದಲನೇದು ಇತ್ತು, ಬಾಡಿಗೆಯ ತಂತಿ.
ಹತ್ತಿಗೂಡೂರಿನ ಹತ್ತಿರ ರಸ್ತೆ ಅಗಲ ಮಾಡುವ ಜೆಸಿಬಿ
ವಾರಕ್ಕೊಮ್ಮೆ ಅದನ್ನು ಕಸದ ಬೇರಿನಂತೆ ಕಿತ್ತು ಹಾಕುತ್ತಿತ್ತು.
ಅದು ಸತ್ತಾಗ ಕಲಬುರ್ಗಿಯ ರೂಟರು ತಾನೇ ಫೋನು ಹಚ್ಚಬೇಕು,
ಇಲ್ಲಿಯ ಮೋಡೆಮ್ ಎತ್ತಬೇಕು.
ಇಷ್ಟೇ ಕೆಲಸ. ಬಸ್ಸು ಇಳಿದಾಗ ಬೆಳಗಿನ ಹನ್ನೊಂದೂವರೆ,
ಗುಡ್ಡದ ಮೇಲೆ ಬುದ್ಧ ಇನ್ನೂ ಮಲಗಿಯೇ ಇದ್ದ.

ಶಾಖೆಗೆ ಇದ್ದದ್ದು ಒಂದೇ ಫೋನು.
ಅದರ ಬಾಲವನ್ನೇ ಸೀಳಿ ಮೋಡೆಮ್ಮಿಗೆ ಕೊಟ್ಟೆ.
ಹೀಗಾಗಿ ಮಾತಾಡಬೇಕೆಂದರೆ ರಸ್ತೆ ದಾಟಿ
ಲಾಡ್ಲೆಸಾಬರ ಎಸ್‌ಟಿಡಿ ಬೂತಿಗೆ ಓಡಬೇಕು,
'ಗೌಸಿಯಾ ಮೇಡಂ, ಈಗ ನೋಡ್ರಿ' ಅನ್ನಬೇಕು,
ತಿರುಗಿ ಓಡಿ ಬಂದು ದೀಪ ನೋಡಬೇಕು.

ಮೊದಲನೇ ಸಲ ಗಂಟೆ ಬಾರಿಸಿತು, ಮೋಡೆಮ್ ಎತ್ತಿತು,
ಫರಸಿಯ ಮೇಲೆ ಕಬ್ಬಿಣದ ಟ್ರಂಕು ಎಳೆದಂತೆ ಕಿರುಚಿತು,
ಕೆಮ್ಮಿತು,
ಕಟ್ಟಾಯಿತು.
ಎರಡನೇ ಸಲ. ಐದನೇ ಸಲ.
ಬೂತಿನ ಮೀಟರಿನಲ್ಲಿ ನಲವತ್ತೆರಡು ರೂಪಾಯಿ.
ಆಮೇಲೆ ಕಂಡಿತು:
ಬಸ್ಸಿನ ಬೋರ್ಡಿನ ಮೇಲೆ ಶಹಾಪೂರ,
ಬ್ಯಾಂಕಿನ ಬೋರ್ಡಿನ ಮೇಲೆ ಶಹಾಪುರ,
ಅಲ್ಲಿ ಗೌಸಿಯಾ ಬರೆದದ್ದು ಒಂದು, ಇಲ್ಲಿ ನಾನು ಬರೆದದ್ದು ಇನ್ನೊಂದು.
ಯಾರು ನೀನು ಅಂತ ಅದು ಕೇಳುತ್ತದೆ,
ಇದು ಹೆಸರು ಹೇಳುತ್ತದೆ,
ಒಂದು ದೀರ್ಘ ತಪ್ಪಿದರೂ ಗುರುತಿಲ್ಲ ಅಂತ ಇಟ್ಟುಬಿಡುತ್ತದೆ.
ನಮ್ಮ ಸೋದರತ್ತೆಯೂ ಹಾಗೇ.

ಕಷ್ಟದ್ದು ಅದಲ್ಲ.
ಯಾವ ಮಾತಿಗೆ ಫೋನು ಹಚ್ಚಬೇಕು, ಯಾವುದಕ್ಕೆ ಬೇಡ,
ಇದನ್ನು ರೂಟರಿಗೆ ಬಿಡಿಸಿ ಬಿಡಿಸಿ ಬರೆದು ತಿಳಿಸಬೇಕು.
ನಾನು ಮರೆತೆ.
ತಂತಿ ಸತ್ತ ಒಂದು ಶನಿವಾರ
ಎರಡೂ ರೂಟರು ಹತ್ತು ಸೆಕೆಂಡಿಗೊಮ್ಮೆ
'ಅರಾಮಿದ್ದೀ?' 'ಅರಾಮ. ನೀ?' ಅಂತ
ಸೋಮವಾರದ ತನಕ ಫೋನು ಇಡಲೇ ಇಲ್ಲ.
ಬಿಲ್ಲು ಹಿಡಿದು ಲೆಕ್ಕದ ಪಂಪಯ್ಯನವರು ಬಂದರು:
'ಎರಡು ದಿನ ಏನ್ ಮಾತಾಡ್ಯಾವ್ರೀ ಇವು?'
ಏನೂ ಇಲ್ಲ ಸರ್, ಅಂದೆ.
ಅರಾಮ ಕೇಳೋದು ಮಾತಲ್ಲ ಅಂತ ಬರೆದೆ.
ರೊಕ್ಕದ ಲೆಕ್ಕ ಮಾತು ಅಂತ ಬರೆದೆ.
ಎರಡು ನಿಮಿಷ ಯಾರೂ ಉಸಿರೆತ್ತದಿದ್ದರೆ ಇಟ್ಟುಬಿಡು.
ರಾತ್ರಿ ಹನ್ನೊಂದರ ಮೇಲೆ ಎಸ್‌ಟಿಡಿಗೆ ಕಾಲು ದರ,
ದಿನದ ಲೆಕ್ಕ ಆವಾಗ ಕೇಳು.
ಸಿಗದಿದ್ದರೆ ಒಂದು ನಿಮಿಷ ತಡೆದು ಮತ್ತೆ ಹಚ್ಚು.
ಎಷ್ಟು ಸಲ ಅಂತ ಮಿತಿ ಹಾಕಲಿಲ್ಲ.

ಶ್ರಾವಣದಲ್ಲಿ ತಂತಿ ಮತ್ತೆ ಹೋಯಿತು, ನಾಲ್ಕು ರಾತ್ರಿ.
ದಾಖಲೆ ತೆಗೆದು ನೋಡಿದೆ.
ಹನ್ನೊಂದಕ್ಕೆ ಕರೆದಿದೆ. ಎಂಗೇಜ್.
ಹನ್ನೊಂದು ಒಂದಕ್ಕೆ. ಎಂಗೇಜ್.
ಹೀಗೇ ಕೆಳಗೆ ಇಳಿದು
ಹನ್ನೊಂದು ಹದಿನೇಳಕ್ಕೆ ಸಿಕ್ಕಿದೆ.
ಮರುದಿನ ಹದಿನಾರಕ್ಕೆ. ಅದರ ಮರುದಿನ ಹತ್ತೊಂಬತ್ತಕ್ಕೆ.
ಬುಧವಾರ ಮಾತ್ರ ಮೊದಲ ಗಂಟೆಗೇ.

ಲೈನಿನ ದೋಷವೆಂದು ಮತ್ತೆ ಬಸ್ಸು ಹತ್ತಿದೆ.
ಕಾವಲಿನ ಸಾಬಣ್ಣ ಚಾವಿ ತಿರುವುತ್ತ ತಾನೇ ಹೇಳಿದ:
'ಪುಣಾದಾಗ ಬಿಲ್ಡಿಂಗ್ ಕೆಲಸಕ್ಕ ಹೋಗ್ಯಾಳ್ರಿ ನಮ್ಮಾಕಿ.
ಅಕಿನೇ ಹಚ್ತಾಳ, ಹನ್ನೊಂದರ ಮ್ಯಾಗ ರೇಟ್ ಕಮ್ಮಿ ನೋಡ್ರಿ.
ನಾ ಬರೇ ಎತ್ತತೀನಿ. ಬ್ಯಾಂಕಿಗೆ ಒಂದ್ ಪೈಸಾ ಖರ್ಚಿಲ್ರಿ.'

ಏನ್ ಮಾತಾಡ್ತೀರಿ ಅಷ್ಟೊತ್ತು, ಅಂದೆ
ಪಂಪಯ್ಯನವರ ದನಿಯಲ್ಲೇ.

'ಏನಿಲ್ರಿ. ಅರಾಮಿದ್ದೀ ಅಂತಾಳ.
ಅರಾಮ ಅಂತೀನಿ.'

ಬುಧವಾರದ್ದು ನಾನು ಕೇಳಲಿಲ್ಲ.

ವರದಿಯಲ್ಲಿ 'ಲೈನು ಸರಿ ಇದೆ' ಅಂತ ಬರೆದು
ರಸ್ತೆ ದಾಟಿ ಬೂತಿಗೆ ಹೋದೆ.
ಮೇಡಂ, ಶಹಾಪುರದ ದಿನದ ಲೆಕ್ಕ
ಹನ್ನೊಂದೂವರೆಗೆ ಇಡ್ರಿ.
'ಯಾಕ?'
ಅಲ್ಲೀತನಕ ಎಂಗೇಜ್ ಇರ್ತದ.

ಆ ಕಡೆ ಕೀಲಿಮಣೆಯ ಸದ್ದು, ಸ್ವಲ್ಪ ಹೊತ್ತು.
ಲಾಡ್ಲೆಸಾಬರು ಮೀಟರು ನೋಡಿ
ನಾಲ್ಕು ರೂಪಾಯಿ ಅಂದರು.