ಬೋರಿನ ಅಳತೆ

ಇನ್‌ಫೆಂಟ್ರಿ ರಸ್ತೆಯ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ.
ಬಾಗಿಲಿಗೆ ಎರಡು ಬೀಗ, ನೆತ್ತಿಗೊಂದು ಕ್ಯಾಮೆರಾ,
ಪೊಲೀಸರು ಬಂದು ಬಂದು ಎಣಿಸುವ ರಿಜಿಸ್ಟರು.
ಗಿರಾಕಿಗಳು ಈಗ ಕಮ್ಮಿ. ಬ್ಯಾಂಕಿನ ಕಾವಲಿನವರು,
ಅಜ್ಜನ ಜೋಡುನಳಿಗೆಗೆ ಎಣ್ಣೆ ಹಾಕಿಸುವವರು.
ಚುನಾವಣೆ ಬಂತೋ, ಊರ ಕೋವಿಗಳೆಲ್ಲ ಠಾಣೆಯಲ್ಲಿ ನಿದ್ದೆ.

ಮಂಗಳವಾರ ಬಂದವರು ಹೊಸಕೋಟೆ ಕಡೆಯ ಪಿಳ್ಳಪ್ಪ,
ಹುಬ್ಬಿನಲ್ಲೂ ಕಲ್ಲಿನ ಧೂಳು.
‘ಆಚಾರ್ರೇ, ಆಫ್ರಿಕಾಕ್ಕೆ ಹೋಗ್ತಾ ಇವ್ನಿ.
ಜಾಂಬಿಯಾದಲ್ಲಿ ನಂದು ಎರಡು ರಿಗ್ಗು ಅವೆ.
ನೀರು ಬಿದ್ದ ಖುಷಿಗೆ ಜಮೀನಿನ ಸಾಹೇಬ
ಬೇಟೆಗೆ ಕರ್ದವ್ನೆ. ಕಾಡುಕೋಣ ಅಂತೆ.
ಕೋವಿ ಅವನೇ ಕೊಡ್ತಾನಂತೆ.
ಎಷ್ಟು ಬೋರಿಂದು ಕೇಳ್ಲಿ?’

ಬೋರು ಅಂದದ್ದೇ ಇಬ್ಬರಿಗೂ ನಗು.
ಅವರದು ಆರೂವರೆ ಇಂಚು,
ನನ್ನದು ಒಂದಿಂಚನ್ನು ಸಾವಿರ ಸೀಳಿದ ಲೆಕ್ಕ.

ನಾನು ಆಫ್ರಿಕಾ ಕಂಡವನಲ್ಲ.
ಬೋನಿಗೆ ಬಿದ್ದ ಇಲಿಯನ್ನೂ
ಕಬ್ಬನ್ ಪಾರ್ಕಿನ ಬೇಲಿಯಾಚೆ ಬಿಟ್ಟು ಬರುವವನು.
ಆದರೂ ಖಾಲಿ ತೋಟಾಗಳನ್ನು ಗಾಜಿನ ಮೇಲೆ ನಿಲ್ಲಿಸಿದೆ,
ಮದುವೆ ಮನೆಯಲ್ಲಿ ಮಕ್ಕಳನ್ನು ಎತ್ತರಕ್ಕೆ ನಿಲ್ಲಿಸಿದಂತೆ.

ಇದು ತರ್ಟಿ ನಾಟ್ ಸಿಕ್ಸ್. ಜಿಂಕೆಗೆ ಸಾಕು,
ಕೋಣಕ್ಕೆ ಸಿಟ್ಟು ಬರಿಸಲಿಕ್ಕೂ ಸಾಕು.
ಇದು ನಾನೂರ ಐವತ್ತೆಂಟು.
ಎದುರಿಗಿದ್ದದ್ದು ಬೀಳುತ್ತದೆ, ಹಿಂದಿದ್ದವನೂ ಬೀಳಬಹುದು.
ನಡುವಿನದು ಮುನ್ನೂರ ಎಪ್ಪತ್ತೈದು.
ಕೋಣಕ್ಕೆ ಇದಕ್ಕಿಂತ ಕೆಳಗೆ ಬೇಡ ಅನ್ನುತ್ತಾರೆ ಬಲ್ಲವರು.
ಗುಂಡಿನ ತೂಕ ಮುನ್ನೂರು ಗ್ರೇನು,
ಗ್ರೇನು ಅಂದರೆ ಕಾಳು, ಪಿಳ್ಳಪ್ಪನವರೇ,
ನಮ್ಮಜ್ಜ ನಗರ್ತಪೇಟೆಯಲ್ಲಿ ಚಿನ್ನ ತೂಗುತ್ತಿದ್ದ
ಗುಲಗಂಜಿಯಲ್ಲಾದರೆ ನೂರಾ ಅರವತ್ತು.
ಒಂದು ಬಳೆಗಾಗುವಷ್ಟು.

‘ದೊಡ್ಡದೇ ಇರ್ಲಿ ಬಿಡಿ’ ಅಂದರು.
‘ಕಲ್ಲು ಗಟ್ಟಿ ಇದ್ರೆ ನಾವು ಬಿಟ್ಟು ದೊಡ್ದು ಹಾಕ್ತೀವಿ.’

ಹಳೆಯ ರೈಫಲ್ಲೊಂದನ್ನು ಕೈಗೆ ಕೊಟ್ಟೆ,
ಖಾಲಿ ಎಂದು ಮೂರು ಸಲ ತೋರಿಸಿ.
ನಳಿಗೆಯ ತುದಿಗೆ ಒಂದು ರೂಪಾಯಿ ಇಟ್ಟೆ.
ಕುದುರೆ ಎಳೆಯಿರಿ, ನಾಣ್ಯ ಬೀಳಬಾರದು.

ಬಿತ್ತು.
ಮತ್ತೆ ಬಿತ್ತು, ಉರುಳಿ ಕಪಾಟಿನ ಕೆಳಗೆ ಹೋಯಿತು.
ಮೂವತ್ತು ವರ್ಷ ರಿಗ್ಗಿನ ಬಡಿತಕ್ಕೆ ಕೊಟ್ಟ ಬಲಭುಜ
ಸದ್ದಿಗೆ ಮುಂಚೆಯೇ ಕುಗ್ಗುತ್ತಿತ್ತು,
ಕಣ್ಣು ತಾನಾಗಿ ಮುಚ್ಚುತ್ತಿತ್ತು.

ಕೋಣದ ಅಳತೆ ಆಮೇಲೆ ನೋಡೋಣ, ಅಂದೆ.
ಕಣ್ಣು ಬಿಟ್ಟುಕೊಂಡು ಎಷ್ಟು ತಡೆಯುತ್ತೀರೋ
ಅದೇ ನಿಮ್ಮ ಬೋರು.

‘ತಪ್ಪಿದ್ರೆ?’
ತಪ್ಪಿದರೆ ಸರಿ, ಅದು ಓಡುತ್ತದೆ.
ಅರ್ಧ ತಾಗಿದರೆ ಕಷ್ಟ.
ಹುಲ್ಲಿನೊಳಗೆ ನುಗ್ಗಿ ನಿಂತು ಕಾಯುತ್ತದಂತೆ.
ಹೊಡೆದವನೇ ಹಿಂದೆ ಹೋಗಬೇಕು,
ಹೋಗಿ ಮುಗಿಸಬೇಕು. ಬಿಟ್ಟು ಬರುವ ಹಾಗಿಲ್ಲ.

ಅವರು ಮಾತಾಡಲಿಲ್ಲ.
ಬೀದಿಯಲ್ಲಿ ಟ್ಯಾಂಕರೊಂದು ನೀರು ಚೆಲ್ಲುತ್ತ ಹೋಯಿತು.
ಆಮೇಲೆ ಗೋಡೆಯ ಸಣ್ಣ ಕನ್ನಡಿ ಇಳಿಸಿ
ಬಾಗಿಲ ಬಿಸಿಲನ್ನು ಅದರಲ್ಲಿ ಹಿಡಿದು ನಳಿಗೆಯೊಳಕ್ಕೆ ಬಿಟ್ಟರು,
ಕೊಳವೆಬಾವಿಯ ತಳ ನೋಡುವ ರೀತಿ.
ಒಳಗೆ ತಿರುತಿರುಗಿ ಹೋಗುವ ಗೀರು,
ಆಚೆ ತುದಿಗೆ ಬೆಳಕಿನ ಒಂದು ಬಿಲ್ಲೆ.

‘ಏಳ್ನೂರು ತೂತು ಕೊರ್ದಿವ್ನಿ’ ಅಂದರು ಕಣ್ಣು ತೆಗೆಯದೆ.
‘ನೀರು ಬೀಳ್ದಿದ್ದೇ ಇನ್ನೂರಿರ್ಬೇಕು.
ಮುಚ್ಚಿ ಬಂದಿದ್ದು ಎಷ್ಟು ಅಂತ
ಬರ್ದಿಟ್ಟಿಲ್ಲ.’

ಎಡಭುಜಕ್ಕೆ ಕೋವಿ ಬದಲಿಸಿಕೊಂಡು
ಇನ್ನೊಂದು ರೂಪಾಯಿ ತಾವೇ ಇಟ್ಟರು.
ಕುದುರೆ ಎಳೆದಾಗ ನಾಣ್ಯ ಅಲುಗಿತು, ನಿಂತಿತು.
ಮುನ್ನೂರ ಎಪ್ಪತ್ತೈದು ಅಂತ
ಬೀಡಿ ಕಟ್ಟಿನ ಕಾಗದದ ಮೇಲೆ ಬರೆದುಕೊಂಡರು,
ಹೋಗುತ್ತಾರೋ ಇಲ್ಲವೋ ಹೇಳಲಿಲ್ಲ.

ರಾತ್ರಿ ಬೀಗಕ್ಕೆ ಮುಂಚೆ ಎಣಿಸಿದೆ:
ಕೋವಿ ಹದಿನೇಳು, ಸರಿ. ತೋಟಾ, ಸರಿ.
ನಳಿಗೆಯ ಮೇಲೆ ಒಂದು ರೂಪಾಯಿ.
ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.