ಬಲಗೈಗೆ ಕಡಲು

ತಳಂಗರೆಯ ದಕ್ಕೆಯಲ್ಲಿ ತೆಂಕು ಮುಖವಾಗಿ ನಿಂತರೆ
ಬಲಗೈಗೆ ಕಡಲು, ಎದುರಿಗೆ ಹೊಳೆ,
ಹೊಳೆಯಾಚೆ ಗುಡ್ಡದ ಮೇಲೆ ಕೆಂಪುಕಲ್ಲಿನ ಕೋಟೆ.
ಇಷ್ಟು ಗೊತ್ತಿದ್ದರೆ ಸಾಕು,
ಅಪ್ಪನ ಚಿತ್ರದಲ್ಲಿ ಎಂತ ತಪ್ಪಾಯಿತೆಂದು ತಿಳಿಯಲು.

ಅಪ್ಪನ ಕೆಲಸ ಪಾತ್ರೆಗೆ ಹೆಸರು ಹಾಕುವುದು.
ಹಳೆ ಬಸ್‌ಸ್ಟ್ಯಾಂಡಿನ ಪಾತ್ರೆಯಂಗಡಿಯ ಮೆಟ್ಟಿಲಲ್ಲಿ
ಉಳಿ, ಪುಟ್ಟ ಸುತ್ತಿಗೆ, ಒಂದು ಗೋಣಿ ತುಂಡು.
ಚುಕ್ಕಿಯ ಪಕ್ಕ ಚುಕ್ಕಿ,
ಬಿಂದಿಗೆಯ ಕೊರಳಿಗೆ, ತಟ್ಟೆಯ ಬೆನ್ನಿಗೆ.
ಶುರು ಮಾಡುವ ಮೊದಲು ಒಂದೇ ಪ್ರಶ್ನೆ:
"ಯಾವ ಅಕ್ಷರ?"
ಕನ್ನಡವೆಂದರೆ ಕನ್ನಡ, ಮಲಯಾಳವೆಂದರೆ ಮಲಯಾಳ,
ಪಳ್ಳಿಯ ಚೆಂಬಿಗೆ ಅರಬಿ, ಅದನ್ನು ಚೀಟಿ ನೋಡಿ.
ತುಳುವಿನಲ್ಲಿ ಚೌಕಾಸಿ ಮಾಡಿದವರು
ಕನ್ನಡ ಬರೆಸಿಕೊಂಡು ಹೋಗುತ್ತಿದ್ದರು.

ಹಸನಾರ್ ಹಾಜಿ ಕೊಟ್ಟ ದುಬಾಯಿ ಕ್ಯಾಲೆಂಡರಿನಲ್ಲಿ
ಹನ್ನೆರಡು ತಿಂಗಳಿಗೆ ಹನ್ನೆರಡು ಬಂದರು,
ಎಲ್ಲ ತಾಮ್ರದಲ್ಲಿ ಗೀರಿ, ಆಸಿಡ್ ತಿನ್ನಿಸಿ, ಒತ್ತಿದ್ದು.
ಅಪ್ಪ ಭೂತಗನ್ನಡಿ ಹಿಡಿದು ಕೂತ.
ಪ್ರತಿ ಊರಿನ ಮುಂದೂ ಒಬ್ಬಳು ದಪ್ಪ ಹೆಂಗಸು,
ತಲೆಗೆ ಕೋಟೆಯಂಥ ಕಿರೀಟ, ಮೂಟೆಯ ಮೇಲೆ ಆಸನ,
ಕಾಲಡಿಗೆ ಲಂಗರು. ಪಕ್ಕದಲ್ಲೊಬ್ಬ ಗಡ್ಡದ ಮುದುಕ
ಮಗುಚಿದ ಕೊಡದಿಂದ ಹೊಳೆ ಸುರಿಯುತ್ತಾನೆ.
ಆಕಾಶದಲ್ಲಿ ಬತ್ತಲೆ ಮಕ್ಕಳು ಎಳೆದು ಹಿಡಿದ ರಿಬ್ಬನ್,
ರಿಬ್ಬನ್ನಿನಲ್ಲಿ ಊರಿನ ಹೆಸರು.
"ಇವಳೇ ಊರು, ಇವನೇ ಹೊಳೆ," ಹಾಜಿ ಹೇಳಿದರು,
ಅವರಿಗೂ ಯಾರೋ ಹೇಳಿದ್ದನ್ನು.
"ಕೊಡಕ್ಕೆ ಹೆಸರಿಲ್ಲ," ಎಂದ ಅಪ್ಪ.

ಆಟಿಯಲ್ಲಿ ಮದುವೆಯಿಲ್ಲ, ಗಿರಾಕಿಯಿಲ್ಲ.
ಚಿಕ್ಕಪ್ಪನ ಅಕ್ಕಸಾಲೆಯಿಂದ ಆಸಿಡ್ ತಂದ,
ತಾಮ್ರದ ಹಾಳೆಗೆ ಜೇನುಮೇಣ ಸವರಿ ದೀಪದ ಮಸಿ ಹಿಡಿಸಿದ.
ಕಿರೀಟದವಳ ಜಾಗದಲ್ಲಿ ಮೀನಿನ ಕಲ್ಯಾಣಿಯಕ್ಕ,
ತಲೆಗೆ ಸಿಂಬಿ, ಕೂರಲು ಮಂಜುಗಡ್ಡೆಯ ಪೆಟ್ಟಿಗೆ.
"ಅವಳು ಊರಾ?" ಅಮ್ಮ ಕೇಳಿದಳು.
"ಅಲ್ಲ, ಕಲ್ಯಾಣಿ. ಚೆಂಬಿನ ಹೆಸರಿಂದು
ನಾಲ್ಕು ರೂಪಾಯಿ ಬಾಕಿ ಉಂಟು."
ಗಡ್ಡದ ಮುದುಕನನ್ನು ಬಿಟ್ಟೇಬಿಟ್ಟ,
ಹೊಳೆ ತಾನಾಗಿ ಹರಿಯುತ್ತದಲ್ಲ.
ರಿಬ್ಬನ್ ಮಾತ್ರ ಬರೆದ, ಎರಡು ಕಾಗೆಗಳ ಕೊಕ್ಕಿನಲ್ಲಿ.
ಆಮೇಲೆ ಸೂಜಿ ಹಿಡಿದ ಕೈ ಅಲ್ಲೇ ನಿಂತಿತು, ಮೂರು ದಿನ.
ಯಾವ ಅಕ್ಷರ ಎಂದು ಕೇಳಲು
ಎದುರಿಗೆ ಗಿರಾಕಿ ಇರಲಿಲ್ಲ.

ಒತ್ತಲು ಯಂತ್ರವಿಲ್ಲ. ಟಾರ್ಪಾಲು ಹೊದ್ದು ಮಲಗಿದ್ದ
ಮಮ್ಮುಂಞಿಯ ಕಬ್ಬಿನ ಗಾಣದ ಎರಡು ಉರುಳೆಗಳ ನಡುವೆ
ತಾಮ್ರ, ಒದ್ದೆ ಕಾಗದ, ಮೇಲೊಂದು ಕಂಬಳಿ ತುಂಡು.
ಚಕ್ರ ತಿರುಗಿತು. ಕಾಗದ ಸುಲಿದಾಗ ಊರು ಬಂತು,
ಸಣ್ಣಗೆ ಕಬ್ಬಿನ ವಾಸನೆ,
ಕಡಲು ಎಡಗೈಗೆ.

ಸೂರ್ಯ ಮುಳುಗುವ ಕಡೆ ಬ್ಯಾಂಕು, ರೈಲುಹಳಿ.
ಕಲ್ಯಾಣಿಯಕ್ಕ ಎಡಚಿ.
ಮೂವತ್ತು ವರ್ಷ ನೇರ ಬರೆದ ಕೈಗೆ
ಒತ್ತಿದರೆ ತಿರುಗುತ್ತದೆಂದು ಯಾರೂ ಹೇಳಿರಲಿಲ್ಲ.
ಮಮ್ಮುಂಞಿ ನಕ್ಕ. ಅಪ್ಪನೂ ನಕ್ಕ,
ಆಮೇಲೆ ರಿಬ್ಬನ್ನಿನ ಖಾಲಿಗೆ ಬೆರಳಿಟ್ಟು
"ಇಲ್ಲಿ ಮಾತ್ರ ತಪ್ಪಿಲ್ಲ," ಎಂದ.

ಕಾಗದವನ್ನು ಗೆದ್ದಲು ತಿಂದು ಎಷ್ಟೋ ವರ್ಷ.
ತಾಮ್ರದ ಹಾಳೆ ನನ್ನ ಅಡುಗೆಮನೆಯಲ್ಲಿ
ಉಪ್ಪಿನ ಭರಣಿಗೆ ಮುಚ್ಚಳ, ಚಿತ್ರ ಮೇಲಾಗಿ.
ಅದರಲ್ಲಿ ಎಲ್ಲ ಇದ್ದ ಹಾಗೆ ಉಂಟು,
ಎದುರಿಗೆ ಹೊಳೆ, ಬಲಗೈಗೆ ಕಡಲು.
ಉಪ್ಪಿನ ತೇವಕ್ಕೆ ಅಂಚಿನಿಂದ ಹಸಿರು ಕಿಲುಬು ಏರುತ್ತಿದೆ,
ಮೊದಲು ದಕ್ಕೆಯ ಕಲ್ಲು, ಆಮೇಲೆ ಲಂಗರು,
ಈ ವರ್ಷ ಕಲ್ಯಾಣಿಯಕ್ಕನ ಮೊಣಕಾಲಿನವರೆಗೆ.
ಹುಣಸೆಹುಳಿ ಹಾಕಿ ಉಜ್ಜಿದರೆ ಹೋದೀತು.
ಉಜ್ಜುವುದಿಲ್ಲ.
ಗೆರೆಯೂ ಸವೆಯುತ್ತದೆ.