ಕೈ ಎತ್ತಿದ್ದು

ನಿಜ ಹೇಳಬೇಕೆಂದರೆ ನಾನು ಕೈ ಎತ್ತಲಿಲ್ಲ.
ಕಿವಿಯೋಲೆಗೆ ದುಪಟ್ಟಾದ ಎಳೆಯೊಂದು ಸಿಕ್ಕಿತ್ತು,
ಬಿಡಿಸಿಕೊಳ್ಳುತ್ತಿದ್ದೆ.
ಅಷ್ಟರಲ್ಲಿ ಜುವೈನಾ ಮೇಡಂ ಕನ್ನಡಕ ಮೂಗಿನ ತುದಿಗಿಳಿಸಿ
"ಶುಕ್ರನ್, ಡಾಕ್ಟರ್ ನೀಲಾಂಬಿಕಾ"
ಎಂದು ಬರೆದುಕೊಂಡೇ ಬಿಟ್ಟರು.

ಸೊಹಾರ್‌ನ ಹೋಟೆಲೊಂದರ ನೆಲಮಾಳಿಗೆ,
ಜಲವಿಶ್ಲೇಷಕರ ಸಂಘದ ವಾರ್ಷಿಕ ಸಭೆ.
ಮಾನಕ ಸಮಿತಿಗೆ ಒಬ್ಬರು ಬೇಕು ಅಂದ ಕೂಡಲೇ
ಮೂವತ್ತೆಂಟು ಮಂದಿ ವಿಜ್ಞಾನಿಗಳು
ಒಟ್ಟಿಗೆ ತಂತಮ್ಮ ತಟ್ಟೆಯ ಖರ್ಜೂರದ ಬೀಜ ಪರೀಕ್ಷಿಸತೊಡಗಿದ್ದರು.
ಸಂಬಳವಿಲ್ಲ, ಭತ್ಯೆಯಿಲ್ಲ,
ಮೂರು ವರ್ಷ, ತಿಂಗಳಿಗೆರಡು ಸಂಜೆ,
ಕೊನೆಗೊಂದು ಪ್ರಶಂಸಾಪತ್ರ, ಅದರಲ್ಲೂ ಹೆಸರು ತಪ್ಪಿರುತ್ತದೆ
ಎಂದು ಪಿಸುಗುಟ್ಟಿದರು ಪಕ್ಕದ ಕೋಶಿ ಸಾರ್,
ಅನುಭವಸ್ಥರು.

ಮೊದಲ ವರ್ಷ ಅಲ್ಪವಿರಾಮಗಳಲ್ಲಿ ಹೋಯಿತು.
ಬಾಟಲಿ 'ಸ್ವಚ್ಛ'ವೋ 'ಶುದ್ಧ'ವೋ ಎಂದು
ಶೆರೀಫ್ ಮತ್ತು ಕೋಶಿ
ಎರಡು ಸುತ್ತು ಕಹ್ವಾ, ಒಂದು ಮಗ್ರಿಬ್ ನಮಾಜಿನ ಬಿಡುವು ದಾಟಿ
ಜಗಳವಾಡಿದರು.
ನಾನು ನಡಾವಳಿ ಬರೆದೆ. ನಡಾವಳಿ ಬರೆಯುವವಳಿಗೂ
ಅಭಿಪ್ರಾಯ ಇದ್ದೀತೆಂದು ಯಾರಿಗೂ ಹೊಳೆಯಲಿಲ್ಲ,
ಒಂದಷ್ಟು ಕಾಲ ನನಗೂ.

"ಇದರಿಂದ ಯಾರಿಗೇನು?"
ಮನೆಯವರು ಕೇಳಿದರು. ಅನ್ನ ಆರಿತ್ತು.
ಸಾರು ಬಿಸಿಗಿಟ್ಟು ಉಪ್ಪು ನೋಡಿದೆ,
ಬರೀ ನಾಲಿಗೆಯಿಂದ, ಯಾವ ಮಾನಕವೂ ಇಲ್ಲದೆ.

ಆಮೇಲೆ ಸೆಪ್ಟೆಂಬರ್.
ಬೇಸಿಗೆಯ ಮಧ್ಯಾಹ್ನದ ಬಿಡುವು ಕ್ಯಾಲೆಂಡರಿನಲ್ಲಿ ಮುಗಿದಿತ್ತು,
ಸೂರ್ಯನಿಗೆ ಯಾರೂ ತಿಳಿಸಿರಲಿಲ್ಲ.
ಹರ್ಕ ಮಗರ್, ನಮಗೆ ನೀರಿನ ಮಾದರಿ ತರುವ ಹುಡುಗ,
ಆರನೇ ಟ್ಯಾಂಕಿನ ಕಬ್ಬಿಣದ ಏಣಿ ಹತ್ತಿದ್ದ,
ಚೀಲದಲ್ಲಿ ಹನ್ನೆರಡು ಗಾಜಿನ ಬಾಟಲಿ.
ಇಳಿಯುವಾಗ ಕೊನೆಯ ನಾಲ್ಕು ಮೆಟ್ಟಿಲು ಕಾಣಲಿಲ್ಲವಂತೆ.
ಚೀಲ ಎದೆಗವಚಿಕೊಂಡೇ ಬಿದ್ದನಂತೆ.
ಹನ್ನೊಂದು ಬಾಟಲಿ ಉಳಿದವು.
ಎಡಗೈ ಎರಡು ಕಡೆ ಮುರಿದಿತ್ತು.
ಆಸ್ಪತ್ರೆಯಲ್ಲಿ ನನ್ನ ಕಂಡದ್ದೇ ಅವನೆಂದ:
"ಮೇಡಂ, ನಾಲ್ಕನೆಯದರ ಮುಚ್ಚಳ ಸಡಿಲ,
ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ."

ಆ ರಾತ್ರಿ ಮಾನಕದ ಪುಸ್ತಕ ತೆಗೆದೆ.
ಏಳನೆಯ ಕಲಮು, ಮೂರನೆಯ ಸಾಲು.
ಇದ್ದದ್ದು ಇಂಗ್ಲಿಷಿನಲ್ಲಿ; ನನ್ನ ತಲೆ ಅದನ್ನು
ಕೊಪ್ಪಳದ ತಾಲ್ಲೂಕು ಕಚೇರಿಯ ಗುಮಾಸ್ತನ ದನಿಯಲ್ಲಿ ಓದಿಕೊಂಡಿತು:
ಮಾದರಿಯನ್ನು ದಿನದ ಅತಿ ಬಿಸಿ ಹೊತ್ತಿನಲ್ಲಿ ಸಂಗ್ರಹಿಸತಕ್ಕದ್ದು.
ಯಾರು ಬರೆದರು ಇದನ್ನು? ಯಾವ ತಂಪು ಕೋಣೆಯಲ್ಲಿ,
ಎಷ್ಟನೇ ಚಹಾಕ್ಕೆ?
ಯಾರೋ ನನ್ನಂಥವರೇ. ಕೆಟ್ಟವರಲ್ಲ.
ಬೇಗ ಮನೆಗೆ ಹೋಗಬೇಕಿತ್ತು ಅವರಿಗೆ.

ಮುಂದಿನ ಸಭೆಯಲ್ಲಿ ಕೈ ಎತ್ತಿದೆ.
ಈ ಸಲ ಕಿವಿಯೋಲೆ ಹಾಕಿರಲಿಲ್ಲ.

ಎಂಟು ತಿಂಗಳು ಹಿಡಿಯಿತು.
ನಸುಕಿನ ನೀರು, ನಡುಹಗಲ ನೀರು ಅಕ್ಕಪಕ್ಕ ಇಟ್ಟು
ನೂರ ನಲವತ್ತು ಜೋಡಿ ಅಳೆದೆವು.
ರೊವೆನಾ ತನ್ನ ಶುಕ್ರವಾರಗಳನ್ನು ಕೊಟ್ಟಳು.
ಶೆರೀಫ್ ವಿರೋಧಿಸಿದರು; ವಿರೋಧಿಸುತ್ತಲೇ
ನನ್ನ ಕೋಷ್ಟಕದ ಎರಡು ತಪ್ಪು ತಿದ್ದಿಕೊಟ್ಟರು.
ವ್ಯತ್ಯಾಸವೇನು? ಒಂದು ಪುಟ್ಟ ಗುಣಕ. ಅಷ್ಟೇ.
ಇಷ್ಟು ವರ್ಷ ಹುಡುಗರನ್ನು ಉರಿಬಿಸಿಲಿಗೆ ಹತ್ತಿಸಿದ್ದು
ನಾವೊಂದು ಗುಣಾಕಾರ ಮಾಡದೆ.

ಸಿಕ್ಕಿದ್ದು ಪೂರ್ತಿ ಸಾಲೂ ಅಲ್ಲ.
'ತಕ್ಕದ್ದು' ಹಾಗೇ ಉಳಿಯಿತು, ಹಿರಿಯರ ಮರ್ಯಾದೆಗೆ.
ತಲೆಯ ಮೇಲೊಂದು ನಕ್ಷತ್ರ, ಪುಟದ ಬುಡದಲ್ಲಿ ಸಣ್ಣಕ್ಷರ:
ಸೂರ್ಯೋದಯಕ್ಕೆ ಮುನ್ನವೂ ಸಂಗ್ರಹಿಸಬಹುದು.

ಒಂದು 'ಬಹುದು'.
ಎಪ್ಪತ್ತೆರಡು ಸಂಜೆಗೆ.

ಪ್ರಶಂಸಾಪತ್ರ ಬಂತು. ಕೋಶಿ ಸಾರ್ ಹೇಳಿದಂತೆಯೇ,
ನಾನೀಗ ಡಾಕ್ಟರ್ ನಿಲಂಬಿಕಾ.
ಫ್ರಿಜ್ಜಿನ ಮೇಲೆ ಒರಗಿಸಿದ್ದೇನೆ, ಆಗಾಗ ಜಾರುತ್ತದೆ.

ಹರ್ಕ ಈಗ ನಾಲ್ಕೂವರೆಗೆ ಏಣಿ ಹತ್ತುತ್ತಾನೆ,
ಸಮುದ್ರದ ಕಡೆಯಿಂದ ಮೀನಿನ ದೋಣಿಗಳ ಮೋಟಾರು
ಇನ್ನೂ ಕೇಳಿಸುತ್ತಿರುವಾಗ.
ಆರಕ್ಕೆಲ್ಲ ಬಾಟಲಿ ತಂದಿಟ್ಟು, ಆಕಳಿಸುತ್ತ, ಗೊಣಗುತ್ತಾನೆ:
"ಯಾವ ಪುಣ್ಯಾತ್ಮ ಮಾಡಿದ ನಿಯಮವೋ ಮೇಡಂ,
ನಿದ್ದೆಯೆಲ್ಲ ಹಾಳು."

ನಾನು ಒಂದೊಂದೇ ಮುಚ್ಚಳ
ಬಿಗಿಯಾಗಿದೆಯೇ ಎಂದು ನೋಡುತ್ತೇನೆ.